ಹಳೆ ಜೀಪಿಗೆ ಬಟ್ಟೆಯ ಸನ್‌ರೂಫ್: ಕತ್ತರಿ ಹಾಕುವ ಮೊದಲು ಗೊತ್ತಿರಬೇಕಾದದ್ದು

ಸಿಂಧನೂರು: ಬೇಸಿಗೆ ಬಂತೆಂದರೆ ಸಿಂಧನೂರು, ಮಸ್ಕಿ, ಲಿಂಗಸುಗೂರು ತಾಲ್ಲೂಕುಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹೊಲ, ಗದ್ದೆ, ಕ್ಯಾಂಪು ಅಂತ ಓಡಾಡುವ ಹಳೆ ಜೀಪುಗಳಲ್ಲಿ ಎಸಿ ಇರುವುದಿಲ್ಲ. ಹೊಸ ಕಾರುಗಳ ಸನ್‌ರೂಫ್ ನೋಡಿದವರಿಗೆ ‘ನಮ್ಮ ಗಾಡಿಗೂ ಮ್ಯಾಲೊಂದು ಕಿಂಡಿ ಮಾಡಿಸಿದ್ರ ಗಾಳಿ ಬರ್ತದಲ್ಲ’ ಅನಿಸುವುದು ಸಹಜ. ಗಾಜಿನ ಸನ್‌ರೂಫ್ ದುಬಾರಿ. ಬಟ್ಟೆಯದ್ದಾದರೆ ಹುಡ್ ಹೊಲಿಯುವ ಅಂಗಡಿಯಲ್ಲೇ ಆಗುವ ಕೆಲಸ.

ಆದರೆ ಇದರಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಬಟ್ಟೆ ಹುಡ್ ಇರುವ ಜೀಪಿನಲ್ಲಿ ಕಿಂಡಿ ಮಾಡುವುದು ಹೊಲಿಗೆ ಕೆಲಸ. ಕೆಟ್ಟರೆ ಒಂದು ಹುಡ್ ಹಾಳು, ಅಷ್ಟೇ. ಕಂಪನಿಯ ತಗಡಿನ ಟಾಪ್ ಕತ್ತರಿಸಿ ಬಟ್ಟೆ ಹೊದಿಸುವುದು ಗಾಡಿಯ ಬಾಡಿಗೂ ಅದರ ಕಾಗದಪತ್ರಕ್ಕೂ ಕೈಹಾಕುವ ಕೆಲಸ. ಮೊದಲನೆಯದನ್ನು ಚೆನ್ನಾಗಿ ಮಾಡಿಸಬಹುದು. ಎರಡನೆಯದನ್ನು ಮಾಡಿಸದಿರುವುದೇ ಒಳ್ಳೆಯದು. ಯಾಕೆ, ಹೇಗೆ ಎಂಬ ವಿವರ ಇಲ್ಲಿದೆ.

ನಿಮ್ಮ ಗಾಡಿ ಯಾವ ಗುಂಪಿನದು?

ನಮ್ಮ ಕಡೆ ಓಡುವ ಹಳೆ ಗಾಡಿಗಳನ್ನು ಮೂರು ಗುಂಪು ಮಾಡಬಹುದು.

ಮೊದಲನೆಯದು, ಕಂಪನಿಯಿಂದಲೇ ಬಟ್ಟೆ ಹುಡ್ ಹಾಕಿಕೊಂಡು ಬಂದ ಜೀಪು. ಸ್ವಾತಂತ್ರ್ಯ ಬಂದ ಹೊತ್ತಿಗೆ ಮಹೀಂದ್ರಾ ಕಂಪನಿ ನಮ್ಮ ದೇಶದಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಶುರು ಮಾಡಿತು. ಅದರ ವಂಶದ ಎಷ್ಟೋ ಜೀಪುಗಳಿಗೆ ಮೇಲ್ಗಡೆ ಇದ್ದದ್ದು ಪೈಪಿನ ಕಮಾನು ಮತ್ತು ಕ್ಯಾನ್ವಾಸ್ ಮಾತ್ರ. 1985ರಲ್ಲಿ ಬಂದ ಮಾರುತಿ ಜಿಪ್ಸಿ, 2010ರಲ್ಲಿ ಬಂದ ಮೊದಲ ಥಾರ್ ಕೂಡ ಬಟ್ಟೆ ಹುಡ್‌ನಲ್ಲಿ ಸಿಗುತ್ತಿದ್ದವು.

ಎರಡನೆಯದು, ಕಾಗದದಲ್ಲಿ ಬಟ್ಟೆ ಹುಡ್, ಗಾಡಿಯ ಮೇಲೆ ತಗಡು. ಮಳೆ, ಧೂಳು, ಕಳ್ಳರ ಕಾಟ ಅಂತ ಹಿಂದಿನ ಮಾಲೀಕರು ವೆಲ್ಡಿಂಗ್ ಅಂಗಡಿಯಲ್ಲಿ ತಗಡಿನ ಟಾಪ್ ಕಟ್ಟಿಸಿರುತ್ತಾರೆ.

ಮೂರನೆಯದು, ಕಂಪನಿಯಿಂದಲೇ ತಗಡಿನ ಟಾಪ್ ಬಂದವು: ಬೊಲೆರೊ, ಸುಮೊ, ಸ್ಕಾರ್ಪಿಯೊ, ಕ್ರೂಸರ್, ತಗಡಿನ ಟಾಪ್‌ನ ಜಿಪ್ಸಿ ಇತ್ಯಾದಿ.

ಗಾಡಿ ಯಾವ ಗುಂಪಿನದು ಎಂದು ಕಣ್ಣಲ್ಲಿ ನೋಡಿ ತೀರ್ಮಾನಿಸಬೇಡಿ. ಆರ್‌ಸಿ ತೆಗೆದು ಬಾಡಿ ಮಾದರಿಯ ಸಾಲು ನೋಡಿ. ಸಾಫ್ಟ್ ಟಾಪ್ ಎಂದಿದೆಯೋ, ಹಾರ್ಡ್ ಟಾಪ್ ಎಂದಿದೆಯೋ ಎಂಬುದೇ ಮುಂದಿನ ಎಲ್ಲದಕ್ಕೂ ಆಧಾರ. ಬರೀ ಜೀಪ್ ಎಂದಷ್ಟೇ ಇದ್ದರೆ ಕತ್ತರಿ ಹಾಕುವ ಮೊದಲು ರಾಯಚೂರಿನ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಈ ವಿಷಯಕ್ಕೇ ಇರುವುದು. ಕಂಪನಿ ಮೂಲತಃ ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ವ್ಯತ್ಯಾಸ ಬರುವಂತೆ ಮಾಲೀಕ ಗಾಡಿಯನ್ನು ಬದಲಿಸುವಂತಿಲ್ಲ ಎಂಬುದು ಅದರ ಸಾರ. ಸಿಎನ್‌ಜಿಯಂಥ ಇಂಧನ ಕಿಟ್ ಹಾಕಿಸುವುದು, ಅಂಗವಿಕಲರ ಬಳಕೆಗೆ ಗಾಡಿ ಹೊಂದಿಸುವುದು ಮುಂತಾದ ಕೆಲವಕ್ಕೆ ಷರತ್ತಿನ ಮೇಲೆ ಅವಕಾಶವಿದೆ. ಗಾಳಿಗಾಗಿ ಟಾಪ್ ಕತ್ತರಿಸುವುದು ಆ ಪಟ್ಟಿಯಲ್ಲಿ ಇಲ್ಲ.

2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದಿಂದ ಬಂದ ಒಂದು ಪ್ರಕರಣದಲ್ಲಿ ಇದನ್ನು ಇನ್ನೂ ಸ್ಪಷ್ಟ ಮಾಡಿತು. ಕಂಪನಿಯ ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ಗಾಡಿಯ ರಚನೆ ಬದಲಿಸುವಂತಿಲ್ಲ ಎಂದು ಹೇಳಿ, ಹೈಕೋರ್ಟ್ ನೀಡಿದ್ದ ಸಡಿಲಿಕೆಯನ್ನು ತಳ್ಳಿಹಾಕಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದ ಮಾರ್ಪಾಡು ಮಾಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ‘ಗ್ಯಾರೇಜಿನವ್ರು ಮಾಡಿಕೊಟ್ರು’ ಎಂಬ ಮಾತು ಇಲ್ಲಿ ನಡೆಯುವುದಿಲ್ಲ; ಸೆಕ್ಷನ್ ಹೇಳುವುದು ಮಾಲೀಕನ ಬಗ್ಗೆ.

ಹಳೆ ಗಾಡಿಯವರಿಗೆ ಇದು ಇನ್ನೂ ಹತ್ತಿರದ ವಿಷಯ. ಸ್ವಂತ ಬಳಕೆಯ ಗಾಡಿಯ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿ ತೋರಿಸಿ ನವೀಕರಿಸಬೇಕು. ಬಾಡಿಗೆ ಗಾಡಿಯಾದರೆ ಎಂಟು ವರ್ಷ ದಾಟಿದ ಮೇಲೆ ಪ್ರತಿ ವರ್ಷ ಫಿಟ್ನೆಸ್. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಅಧಿಸೂಚನೆಯಂತೆ 20 ವರ್ಷ ದಾಟಿದ ಕಾರು, ಜೀಪುಗಳ ನವೀಕರಣ ಶುಲ್ಕ 10,000 ರೂಪಾಯಿ. ಅಷ್ಟು ಹಣ ಕಟ್ಟಿ, ತಪಾಸಣೆಗೆ ನಿಂತಾಗ ಟಾಪ್‌ನಲ್ಲಿ ತೂತು ಕಂಡು ಗಾಡಿ ವಾಪಸ್ ಬಂದರೆ ತಗಡು ಮತ್ತೆ ಮುಚ್ಚಿಸುವ ಖರ್ಚು ಬೇರೆ.

ವಿಮೆಯ ಮಾತೂ ಇದೆ. ಕಂಪನಿಗೆ ತಿಳಿಸದೆ ಮಾಡಿಸಿದ ಮಾರ್ಪಾಡು ಅಪಘಾತವಾದಾಗ ಕ್ಲೇಮ್ ತಿರಸ್ಕರಿಸಲು ಕಾರಣವಾಗಬಹುದು. ನೂರಾರು ರೂಪಾಯಿ ಬಟ್ಟೆಗಾಗಿ ಲಕ್ಷದ ಕ್ಲೇಮ್ ಕಳೆದುಕೊಳ್ಳುವಂತೆ ಆಗಬಾರದು.

ತಗಡು ಕತ್ತರಿಸಿದರೆ ಆಗುವ ನಷ್ಟ

ಕಾನೂನು ಒಂದು ಕಡೆ ಇರಲಿ. ತಗಡಿನ ಟಾಪ್ ಬರೀ ನೆರಳಿಗೆ ಇರುವುದಲ್ಲ. ಅದರ ಒಳಗಡೆ ಎಡದಿಂದ ಬಲಕ್ಕೆ ಅಡ್ಡಪಟ್ಟಿಗಳಿರುತ್ತವೆ. ಗಾಡಿ ಪಲ್ಟಿಯಾದಾಗ ಎರಡೂ ಬದಿಯ ಕಂಬಗಳು ಒಳಗೆ ಮಡಚದಂತೆ ತಡೆಯುವುದು ಇವೇ. ಗ್ರೈಂಡರ್ ಹಿಡಿದು ಕಿಂಡಿ ಕೊರೆದಾಗ ಒಂದು ಪಟ್ಟಿ ಹೋದರೂ ಟಾಪ್ ಬಲ ಕಳೆದುಕೊಳ್ಳುತ್ತದೆ. ಬರೀ ತಗಡನ್ನೇ ಕತ್ತರಿಸಿದರೂ ದೊಡ್ಡ ಹಾಳೆಯ ಬಿಗಿತ ಹೋಗಿ, ಗುಂಡಿ ಬಿದ್ದ ರಸ್ತೆಯಲ್ಲಿ ಟಾಪ್ ಕಂಪಿಸುತ್ತದೆ, ಬಾಗಿಲು ಕೂಡುವುದು ಬಿಗಿಯಾಗುತ್ತದೆ.

ಇನ್ನೊಂದು ನೀರು. ಕಂಪನಿಯ ಸನ್‌ರೂಫ್ ನೀರನ್ನು ಪೂರ್ತಿ ತಡೆಯುವುದಿಲ್ಲ. ಅಂಚಿನಲ್ಲಿ ಇಳಿದ ನೀರು ಕೆಳಗಿನ ತಟ್ಟೆಯಂಥ ಚೌಕಟ್ಟಿಗೆ ಬಿದ್ದು, ಮೂಲೆಗಳಿಂದ ಸಣ್ಣ ಪೈಪಿನ ಮೂಲಕ ಕಂಬದೊಳಗೆ ಹರಿದು ಹೊರಗೆ ಹೋಗುತ್ತದೆ. ಕೈಯಲ್ಲಿ ಕೊರೆದ ಕಿಂಡಿಗೆ ಆ ತಟ್ಟೆಯೂ ಇಲ್ಲ, ಪೈಪೂ ಇಲ್ಲ. ಕತ್ತರಿಸಿದ ತಗಡಿನ ಅಂಚಿನಲ್ಲಿ ಬಣ್ಣ ಇರುವುದಿಲ್ಲವಾದ್ದರಿಂದ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯಲು ಶುರುವಾಗುತ್ತದೆ.

ಬಟ್ಟೆ ಟಾಪ್ ಎಂಬುದೇ ತಪ್ಪು ಎಂದಲ್ಲ. ಫ್ರಾನ್ಸಿನಲ್ಲಿ 1948ರಲ್ಲಿ ಜನರಿಗೆ ತೋರಿಸಿದ ಸಿಟ್ರೊಯೆನ್ 2ಸಿವಿ ಕಾರಿಗೆ ಸುತ್ತಿ ಹಿಂದೆ ಸರಿಸುವ ಕ್ಯಾನ್ವಾಸ್ ಟಾಪ್ ಇತ್ತು. ಹಳ್ಳಿ ರಸ್ತೆಯ ರೈತರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ಅಗ್ಗದ ಕಾರು ಅದು. ಇಟಲಿಯ 1957ರ ಫಿಯೆಟ್ 500ಕ್ಕೂ ಬಟ್ಟೆ ಟಾಪ್ ಇತ್ತು. ಆದರೆ ಆ ಕಾರುಗಳ ಬಾಡಿಯನ್ನು ಮೊದಲಿನಿಂದಲೂ ಬಟ್ಟೆ ಟಾಪ್‌ಗೆ ತಕ್ಕಂತೆ ಲೆಕ್ಕ ಹಾಕಿ ಕಟ್ಟಿದ್ದರು. ತಗಡಿನ ಬಲ ನಂಬಿ ಕಟ್ಟಿದ ಬೊಲೆರೊಗೆ ಆ ಲೆಕ್ಕ ಹೊಂದುವುದಿಲ್ಲ.

ಎರಡನೇ ಗುಂಪಿನವರಿಗೆ ಒಂದು ದಾರಿ

ಆರ್‌ಸಿಯಲ್ಲಿ ಸಾಫ್ಟ್ ಟಾಪ್ ಇದ್ದು, ಮೇಲೆ ಊರಲ್ಲಿ ಕಟ್ಟಿಸಿದ ತಗಡಿದ್ದರೆ ಆ ತಗಡಿಗೆ ಕಿಂಡಿ ಕೊರೆಸಬೇಡಿ. ಹಾಗೆ ಮಾಡಿದರೆ ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಸೇರುತ್ತದೆ. ತಗಡು ಪೂರ್ತಿ ಇಳಿಸಿ, ಮೂಲ ಕಮಾನು ಪೈಪು ಹಾಕಿಸಿ, ಬಟ್ಟೆ ಹುಡ್‌ಗೆ ಮರಳಿದರೆ ಗಾಡಿ ಕಾಗದಕ್ಕೆ ಹೊಂದುತ್ತದೆ. ಆ ಹೊಸ ಹುಡ್ ಹೊಲಿಸುವಾಗಲೇ ಕಿಂಡಿಯನ್ನೂ ಸೇರಿಸಿದರೆ ಎರಡೂ ಕೆಲಸ ಒಂದೇ ಖರ್ಚಿನಲ್ಲಿ ಮುಗಿಯುತ್ತದೆ. ಹಳೆ ಕಮಾನು ಕಳೆದಿದ್ದರೆ ಅದೇ ಮಾದರಿಯ ಇನ್ನೊಂದು ಜೀಪಿನ ಅಳತೆ ತೆಗೆದು ಮಾಡಿಸಿ, ಅಂದಾಜಿನ ಮೇಲೆ ಬೇಡ.

ಬಟ್ಟೆ ಹುಡ್‌ನಲ್ಲಿ ಕಿಂಡಿ: ಕೆಲಸದ ಕ್ರಮ

ಜಾಗ: ಮುಂದಿನ ಗಾಜಿನ ಚೌಕಟ್ಟಿಗೂ ಮೊದಲ ಕಮಾನಿಗೂ ನಡುವೆ, ಮುಂದಿನ ಸೀಟುಗಳ ಮೇಲೆ. ಕಮಾನಿನ ಮೇಲೆಯೇ ಕಿಂಡಿ ಬರಬಾರದು. ಅಲ್ಲಿ ಬಟ್ಟೆ ಪೈಪಿಗೆ ಉಜ್ಜಿ ಹರಿಯುತ್ತದೆ.

ಅಳತೆ: ಹಿಂದುಮುಂದು 24 ಇಂಚು, ಅಗಲ 30 ಇಂಚು ಎಂದು ಇಟ್ಟುಕೊಳ್ಳೋಣ. ಗಾಡಿಯಿಂದ ಗಾಡಿಗೆ ಇದು ಬದಲಾಗುತ್ತದೆ. ಮುಚ್ಚುವ ಬಟ್ಟೆ ನಾಲ್ಕೂ ಕಡೆ 4 ಇಂಚು ಹೆಚ್ಚಿರಬೇಕು. ಅಂದರೆ 32 ಕ್ಕೆ 38 ಇಂಚು. ಅಂಚು ಮಡಚಲು ಸುತ್ತ ಇನ್ನೆರಡು ಇಂಚು ಸೇರಿದರೆ 36 ಕ್ಕೆ 42 ಇಂಚು. 54 ಇಂಚು ಪನ್ನದ ಬಟ್ಟೆಯಾದರೆ ಬಲಪಟ್ಟಿಗಳೂ ಸೇರಿ ಒಂದೂವರೆ ಮೀಟರ್ ಸಾಕು.

ಬಟ್ಟೆ: ಹೊಲದಲ್ಲಿ ಭತ್ತದ ರಾಶಿಗೆ ಹೊದಿಸುವ ಪ್ಲಾಸ್ಟಿಕ್ ತಾಡಪತ್ರಿ ಬೇಡವೇ ಬೇಡ. ನಮ್ಮ ಬಿಸಿಲಿಗೆ ಅದು ಪುಡಿಯಾಗುತ್ತದೆ, ಗಾಳಿಗೆ ಪಟಪಟ ಬಡಿಯುತ್ತದೆ. ಉಳಿಯುವುದು ಎರಡು. ಒಂದು ದಪ್ಪ ಹತ್ತಿ ಕ್ಯಾನ್ವಾಸ್. ನೆನೆದಾಗ ನೂಲು ಉಬ್ಬಿ ಸೂಜಿ ತೂತು ತಾನಾಗಿ ಮುಚ್ಚಿಕೊಳ್ಳುತ್ತದೆ. ಆದರೆ ಮೊದಲ ಸಲ ನೆನೆದಾಗ ಕುಗ್ಗುತ್ತದೆ. ಆದ್ದರಿಂದ ಕತ್ತರಿಸುವ ಮೊದಲೇ ಒಮ್ಮೆ ನೆನೆಸಿ ಒಣಗಿಸಬೇಕು. ಇನ್ನೊಂದು ಪಿವಿಸಿ ಲೇಪದ ಹುಡ್ ಬಟ್ಟೆ. ಇದು ಕುಗ್ಗುವುದಿಲ್ಲ, ಒರೆಸಿದರೆ ಧೂಳು ಹೋಗುತ್ತದೆ, ಆದರೆ ಸೂಜಿ ತೂತಿನಿಂದ ಸೋರುತ್ತದೆ. ಹೊಲಿಗೆಯ ಮೇಲೆ ಸೀಲಿಂಗ್ ಅಂಟು ಹಚ್ಚಲೇಬೇಕು. ಬಣ್ಣ ತಿಳಿ ಇದ್ದಷ್ಟೂ ಒಳಗೆ ಕಾವು ಕಡಿಮೆ. ಕಪ್ಪು ನೋಡಲು ಚೆಂದ, ಕೂರಲು ಕಷ್ಟ.

ದಾರ: ಹತ್ತಿ ದಾರ ಕೊಳೆಯುತ್ತದೆ, ನೈಲಾನ್ ದಾರ ಬಿಸಿಲಿಗೆ ಸಾಯುತ್ತದೆ. ದಪ್ಪ ಪಾಲಿಯೆಸ್ಟರ್ ದಾರ ಕೇಳಿ. ಇಂಚಿಗೆ ಆರು ಹೊಲಿಗೆ ಸಾಕು. ಇನ್ನೂ ಒತ್ತಾಗಿ ಹೊಲಿದರೆ ತೂತು ಸಾಲಾಗಿ ಬಿದ್ದು, ಆ ಗೆರೆಯಲ್ಲೇ ಬಟ್ಟೆ ಹರಿಯುತ್ತದೆ.

ಕಿಂಡಿಯ ಅಂಚು: ಎಲ್ಲಕ್ಕಿಂತ ಮುಖ್ಯ ಇದು. ಹುಡ್ ನಿಂತಿರುವುದೇ ಬಿಗಿತದ ಮೇಲೆ. ನಡುವೆ ತೂತು ಮಾಡಿದರೆ ಆ ಬಿಗಿತವೆಲ್ಲ ಎರಡು ಬದಿಯ ಬಟ್ಟೆಗೆ ಬೀಳುತ್ತದೆ, ಹುಡ್ ಜೋಲುತ್ತದೆ. ಇದಕ್ಕೆ ಕಿಂಡಿಯ ಎಡಕ್ಕೊಂದು ಬಲಕ್ಕೊಂದು, ಗಾಜಿನ ಚೌಕಟ್ಟಿನಿಂದ ಕಮಾನಿನವರೆಗೆ, ಒಳಗಡೆಯಿಂದ ಅಗಲದ ಪಾಲಿಯೆಸ್ಟರ್ ಬೆಲ್ಟ್ ಪಟ್ಟಿ ಹೊಲಿಸಬೇಕು. ಎಳೆತವನ್ನು ಆ ಪಟ್ಟಿ ಹೊರುತ್ತದೆ. ಕಿಂಡಿಯ ಸುತ್ತ ಎರಡು ಪದರ ಬಟ್ಟೆ ಇರಲಿ. ಮೂಲೆಗಳನ್ನು ಚೂಪಾಗಿ ಕತ್ತರಿಸದೆ ಬಟ್ಟಲು ಇಟ್ಟು ಗುಂಡಗೆ ಕತ್ತರಿಸಿ; ಹರಿತ ಶುರುವಾಗುವುದು ಚೂಪು ಮೂಲೆಯಿಂದಲೇ.

ತೆರೆಯುವ ದಿಕ್ಕು: ಮುಚ್ಚುವ ಬಟ್ಟೆಯನ್ನು ಮುಂದಿನ ಅಂಚಿಗೆ ಹೊಲಿದು, ಹಿಂದಿನಿಂದ ಎತ್ತಿ ಮುಂದಕ್ಕೆ ಸುತ್ತಿ ಕಟ್ಟುವಂತೆ ಮಾಡಿದರೆ ಗಾಡಿ ಓಡುವಾಗ ಗಾಳಿ ಬಟ್ಟೆಯ ಅಡಿಗೆ ನುಗ್ಗುವುದಿಲ್ಲ. ಮಳೆ ನೀರೂ ಹೆಂಚಿನ ಮೇಲೆ ಜಾರಿದಂತೆ ಹಿಂದಕ್ಕೆ ಜಾರುತ್ತದೆ. ಮುಂದಿನಿಂದ ತೆರೆಯುವುದೇ ಬೇಕೆಂದರೆ ಆ ಅಂಚಿನೊಳಗೆ ಒಂದು ಪೈಪು ತೂರಿಸಿ, ಗಾಜಿನ ಚೌಕಟ್ಟಿಗೆ ಎರಡು ಗಟ್ಟಿ ಕ್ಲಿಪ್ ಹಾಕಿಸಬೇಕು. ಪೈಪಿಲ್ಲದೆ ಬರೀ ಬಟನ್ ನಂಬಿದರೆ ಹೆದ್ದಾರಿಯಲ್ಲಿ ಅದು ಕಿತ್ತು ಡ್ರೈವರ್ ಮುಖಕ್ಕೆ ಬಡಿಯಬಹುದು.

ಕಟ್ಟುವ ಬಗೆ: ವೆಲ್ಕ್ರೋ ಪಟ್ಟಿ ಸುಲಭ, ಆದರೆ ಎರೆ ಮಣ್ಣಿನ ಧೂಳು, ಭತ್ತದ ಹೊಟ್ಟು ತುಂಬಿಕೊಂಡು ಕೆಲವೇ ತಿಂಗಳಲ್ಲಿ ಹಿಡಿಯುವುದು ಬಿಡುತ್ತದೆ. ಸಣ್ಣ ಹಲ್ಲಿನ ಜಿಪ್‌ನದ್ದೂ ಅದೇ ಕತೆ. ಬೆಲ್ಟ್ ಮತ್ತು ಬಕಲ್ ಹಳೆಯದಾದರೂ ನಂಬಿಕಸ್ಥ. ಬದಿಗಳಿಗೆ ಟಿಚ್ ಬಟನ್, ಹಿಂದಿನ ಅಂಚಿಗೆ ಮೂರು ಬಕಲ್ ಇದ್ದರೆ ಸಾಕು. ಎಲ್ಲವನ್ನೂ ಒಳಗಿನಿಂದ ಬಿಚ್ಚುವಂತೆ ಹಾಕಿಸಿ.

ನೀರು ನಿಲ್ಲಬಾರದು: 60 ಸೆಂ.ಮೀ. ಉದ್ದ, 75 ಸೆಂ.ಮೀ. ಅಗಲದ ಬಟ್ಟೆ ಜೋತು, ಅದರಲ್ಲಿ ಎರಡು ಸೆಂ.ಮೀ. ನೀರು ನಿಂತರೆ ಒಂಬತ್ತು ಲೀಟರ್, ಅಂದರೆ ಒಂಬತ್ತು ಕೆಜಿ ಭಾರ. ನೀರು ನಿಂತಷ್ಟೂ ಬಟ್ಟೆ ಜೋಲುತ್ತದೆ, ಜೋತಷ್ಟೂ ನೀರು ನಿಲ್ಲುತ್ತದೆ. ಕಿಂಡಿಯ ಅಡಿಯಲ್ಲಿ ಹಿಂದುಮುಂದು ಒಂದು ಬೆಲ್ಟ್ ಪಟ್ಟಿಯನ್ನು ಬಿಗಿಯಾಗಿ ಎಳೆದು ಕಟ್ಟಿದರೆ ನಡುಭಾಗ ಎತ್ತರದಲ್ಲಿ ಉಳಿದು ನೀರು ಎರಡೂ ಬದಿಗೆ ಇಳಿಯುತ್ತದೆ. ಕಿಂಡಿ ತೆರೆದಾಗ ಪಟ್ಟಿ ಬಿಚ್ಚಿಕೊಳ್ಳಬಹುದು.

ಗಾಳಿ ಬರುತ್ತದೆ, ಬಿಸಿಲೂ ಬರುತ್ತದೆ

ಸನ್‌ರೂಫ್ ತಂಪಿನ ದೇಶದವರು ಬಿಸಿಲು ಕಾಯಿಸಲು ಮಾಡಿಕೊಂಡದ್ದು. ನಮಗೆ ಬೇಕಾದದ್ದು ಗಾಳಿ. ಮೇ ತಿಂಗಳ ಮಧ್ಯಾಹ್ನ ಕಿಂಡಿ ತೆರೆದರೆ ಬಿಸಿಲು ನೇರ ನೆತ್ತಿಗೆ ಬೀಳುತ್ತದೆ. ಅದಕ್ಕೆ ಕಿಂಡಿಯ ಒಳಗಡೆ ನರ್ಸರಿಗೆ ಕಟ್ಟುವಂಥ ಹಸಿರು ಶೇಡ್ ನೆಟ್‌ನ ಒಂದು ಪದರ ಬಟನ್ ಹಾಕಿ ಕೂರಿಸಿದರೆ ಬಿಸಿ ಗಾಳಿ ಮೇಲೆ ಹೋಗುತ್ತದೆ, ನೆರಳೂ ಉಳಿಯುತ್ತದೆ. ತರಗೆಲೆ, ಹುಳ ಒಳಗೆ ಬೀಳುವುದೂ ತಪ್ಪುತ್ತದೆ. ಬೆಳಗ್ಗೆ, ಸಂಜೆ ನೆಟ್ ತೆಗೆಯಬಹುದು.

ಕಾಲುವೆ ದಂಡೆ, ಕ್ಯಾಂಪಿನ ಮಣ್ಣು ದಾರಿಯಲ್ಲಿ ಇನ್ನೊಂದು ತೊಂದರೆ. ಓಡುವ ಗಾಡಿಯ ಮೇಲಿನ ಕಿಂಡಿ ಒಳಗಿನ ಗಾಳಿಯನ್ನು ಹೊರಗೆ ಎಳೆಯುತ್ತದೆ. ಆ ಜಾಗ ತುಂಬಲು ಹಿಂದಿನ ಪರದೆಯಿಂದ ಧೂಳು, ಸೈಲೆನ್ಸರ್ ಹೊಗೆ ಒಳಗೆ ಬರುತ್ತದೆ. ಕಿಂಡಿ ತೆರೆದಾಗ ಹಿಂದಿನ ಪರದೆ ಮುಚ್ಚಿ, ಮುಂದಿನ ಬದಿಯನ್ನು ಸ್ವಲ್ಪ ತೆರೆದಿಡಿ. ಕಿವಿಗೆ ಬಡಿಯುವ ಗುಂಗುಂ ಸದ್ದೂ ಇದರಿಂದ ಕಡಿಮೆಯಾಗುತ್ತದೆ.

ತಲೆ ಹೊರಗೆ ಬೇಡ

ಮದುವೆ ದಿಬ್ಬಣ, ಅಂಬಾಮಠದ ಜಾತ್ರೆ, ಗೆಲುವಿನ ಮೆರವಣಿಗೆ ಅಂದರೆ ಮಕ್ಕಳನ್ನು ಕಿಂಡಿಯಲ್ಲಿ ನಿಲ್ಲಿಸುವ ಆಸೆ ಬರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಕಾರಿನ ಸನ್‌ರೂಫ್‌ನಿಂದ ಹೊರಗೆ ನಿಂತಿದ್ದ ಬಾಲಕನ ತಲೆ ರಸ್ತೆಗೆ ಅಡ್ಡಲಾಗಿದ್ದ ಎತ್ತರದ ಕಬ್ಬಿಣದ ಕಂಬಕ್ಕೆ ಬಡಿದ ವಿಡಿಯೊ ಎಲ್ಲರ ಮೊಬೈಲಿಗೂ ಬಂದಿತ್ತು. ನಮ್ಮ ಕಡೆ ಬೇವಿನ ಕೊಂಬೆ, ಜೋತ ವೈರು, ಹುಲ್ಲು ಹೇರಿದ ಟ್ರ್ಯಾಕ್ಟರ್ ಎಲ್ಲವೂ ಅದೇ ಎತ್ತರದಲ್ಲಿ ಸಿಗುತ್ತವೆ. ಅದರ ಮೇಲೆ ಬಟ್ಟೆಯ ಅಂಚು ಹಿಡಿದುಕೊಳ್ಳಲು ಆಧಾರವೇ ಅಲ್ಲ. ಬ್ರೇಕ್ ಹಾಕಿದರೆ ಮಗು ಬಟ್ಟೆ ಸಮೇತ ಮುಂದಕ್ಕೆ ಹೋಗುತ್ತದೆ. ಗಾಡಿಯ ಬಾಡಿಯ ಹೊರಗೆ ಜನರನ್ನು ಕರೆದೊಯ್ಯುವುದನ್ನು ಕಾಯ್ದೆಯ 123ನೇ ಸೆಕ್ಷನ್ ಕೂಡ ಒಪ್ಪುವುದಿಲ್ಲ.

ಅಂಗಡಿಯವರಿಗೆ, ಕೊಳ್ಳುವವರಿಗೆ

ಹುಡ್, ಸೀಟ್ ಕವರ್ ಹೊಲಿಯುವ ಅಂಗಡಿಯವರು ಕೆಲಸ ಹಿಡಿಯುವ ಮೊದಲು ಆರ್‌ಸಿ ನೋಡುವ ರೂಢಿ ಇಟ್ಟುಕೊಳ್ಳುವುದು ಒಳ್ಳೆಯದು. ಸಾಫ್ಟ್ ಟಾಪ್ ಗಾಡಿಯಾದರೆ ಬಟ್ಟೆ ಯಾವುದು, ದಾರ ಯಾವುದು, ಎಷ್ಟು ತಿಂಗಳ ಗ್ಯಾರಂಟಿ ಎಂದು ಬಿಲ್ಲಿನಲ್ಲಿ ಬರೆದು ಕೊಡಿ. ತಗಡು ಕೊರೆಯುವ ಕೆಲಸವಾದರೆ ‘ಆಗಲ್ರೀ’ ಎನ್ನುವುದರಲ್ಲಿ ನಷ್ಟವಿಲ್ಲ. ಮುಂದೆ ಆರ್‌ಟಿಒ ತಪಾಸಣೆಯಲ್ಲಿ ಗಾಡಿ ನಿಂತರೆ ಗಿರಾಕಿ ಮೊದಲು ಬರುವುದು ಅಂಗಡಿಗೇ.

ಸೆಕೆಂಡ್ ಹ್ಯಾಂಡ್ ಜೀಪು ಕೊಳ್ಳುವವರು ಕಿಂಡಿ ಇರುವ ಗಾಡಿ ಕಂಡರೆ ಮೂರು ವಿಷಯ ನೋಡಿ. ಆರ್‌ಸಿಯ ಬಾಡಿ ಮಾದರಿ ಗಾಡಿಗೆ ಹೊಂದುತ್ತದೆಯೇ? ಒಳಗಿನ ಅಡ್ಡಪಟ್ಟಿ ಕತ್ತರಿಸಿದ ಗುರುತು ಇದೆಯೇ? ಕಾಲಿಡುವ ಜಾಗದ ಮ್ಯಾಟ್ ಎತ್ತಿದರೆ ಕೆಳಗೆ ತುಕ್ಕು ಇದೆಯೇ? ಟಾಪ್ ಸೋರಿದ ನೀರು ಕೊನೆಗೆ ನಿಲ್ಲುವುದು ಅಲ್ಲಿಯೇ. ಆರ್‌ಸಿ ಹೊಂದದಿದ್ದರೆ, ಟಾಪ್ ಮೂಲ ರೂಪಕ್ಕೆ ತರಿಸಿಕೊಡುವವರೆಗೆ ಮುಂಗಡ ಕೊಡಬೇಡಿ.

ಹೊಸ ಕಿಂಡಿ ಹೊಲಿಸಿದವರು ಅಂಗಡಿ ಬಿಡುವ ಮೊದಲೇ ಪರೀಕ್ಷೆ ಮಾಡಿ. ಮುಚ್ಚಿ, ಬಿಗಿದು, ಕಾಲು ಗಂಟೆ ಪೈಪಿನಿಂದ ನೀರು ಬಿಡಿ. ಒಳಗೆ ಒಬ್ಬರು ಕೂತು ಎಲ್ಲಿ ಸೋರುತ್ತದೆ ಎಂದು ಸೀಮೆಸುಣ್ಣದಿಂದ ಗುರುತು ಮಾಡಲಿ. ಆಮೇಲೆ ಖಾಲಿ ರಸ್ತೆಯಲ್ಲಿ ಗಂಟೆಗೆ 40 ಕಿ.ಮೀ., ನಂತರ 60 ಕಿ.ಮೀ. ವೇಗದಲ್ಲಿ ಓಡಿಸಿ ಬಟ್ಟೆ ಉಬ್ಬುತ್ತದೆಯೇ, ಬಡಿಯುತ್ತದೆಯೇ ನೋಡಿ. ಉಬ್ಬಿದರೆ ಇನ್ನೊಂದು ಬಕಲ್ ಹಾಕಿಸಿ. ಈ ಕೆಲಸ ಮೇ ತಿಂಗಳೊಳಗೆ ಮುಗಿದರೆ ಒಳ್ಳೆಯದು. ಜೂನ್ ಮಳೆ ಬಂದ ಮೇಲೆ ಹುಡ್ ಅಂಗಡಿಯವರಿಗೂ ಬಿಡುವಿರುವುದಿಲ್ಲ, ನೆನೆದ ಬಟ್ಟೆಗೆ ಸೀಲಿಂಗ್ ಅಂಟೂ ಹಿಡಿಯುವುದಿಲ್ಲ.